ಗಾಜಿನಲ್ಲಿ ಕಂಡ ಎರಡು ಎಲೆ

ಮಂಜುಳಾ, ಅವತ್ತು ನಾನು ನಿನ್ನ ಎಲೆಗಳನ್ನು ನೋಡಿಬಿಟ್ಟಿದ್ದೆ. ಧೈರ್ಯದಿಂದ ಗೆದ್ದವನಲ್ಲ, ಕದ್ದು ಗೆದ್ದವನು. ಇಷ್ಟು ಬರೆಯಲು ಒಂಬತ್ತು ವರ್ಷ ಬೇಕಾಯಿತು — ಥೂ, ನನ್ನ ಜನ್ಮಕ್ಕೆ.

ವೈಟ್‌ಫೀಲ್ಡಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಶುಕ್ರವಾರ ಮಧ್ಯಾಹ್ನ ಪೋಕರ್ ಎಲೆಯಾಟ ನಡೆಯುತ್ತಿತ್ತು. ದುಡ್ಡಿಲ್ಲ, ಬರೀ ಪ್ಲಾಸ್ಟಿಕ್ ಬಿಲ್ಲೆಗಳು. ಆದರೆ ಟೀಮ್ ಲೀಡ್ ಹುದ್ದೆ ಒಂದೇ, ಕಾಯುತ್ತಿದ್ದವರು ನಾವಿಬ್ಬರು. "ಮನುಷ್ಯ ಎಂಥೋನು ಅಂತ ಈ ಟೇಬಲ್ ಮೇಲೆ ಗೊತ್ತಾಗುತ್ತೆ" ಎನ್ನುತ್ತಿದ್ದ ನಮ್ಮ ಮ್ಯಾನೇಜರ್. ದಾಸರಹಳ್ಳಿಯಿಂದ ಬಸ್ ಬದಲಿಸಿಕೊಂಡು ಬರುತ್ತಿದ್ದ ನೀನು ಕೆಲಸದಲ್ಲೂ ಆಟದಲ್ಲೂ ನನಗಿಂತ ಮೇಲಿದ್ದೆ.

ಅಂದು ಕೊನೆಗೆ ಉಳಿದವರೂ ನಾವಿಬ್ಬರೇ. ಮೇಜಿನ ಮೇಲೆ ಬಿಚ್ಚಿಟ್ಟ ಐದು ಎಲೆಗಳಲ್ಲಿ ಮೂರು ಕಪ್ಪು ಇಸ್ಪೀಟು ಜಾತಿಯವು. ನನ್ನಲ್ಲಿ ಒಂಬತ್ತರ ಒಂದು ಬಡ ಜೋಡಿ. ಅಷ್ಟು ಹೊತ್ತು ಎಚ್ಚರದಿಂದ ಆಡಿದ್ದ ನೀನು ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದೆ. "ಆಲ್ ಇನ್." ಇನ್ನೆರಡು ಇಸ್ಪೀಟು ನಿನ್ನ ಕೈಯಲ್ಲಿವೆ, ಒಂದೇ ಜಾತಿಯ ಐದು ಸೇರಿ ಯಾವ ಜೋಡಿಯನ್ನೂ ಹೊಡೆಯುತ್ತವೆ ಎಂದು ಯಾರಾದರೂ ನಂಬುತ್ತಿದ್ದರು. ನಾನೂ ನಂಬಿ ಆಟ ಬಿಡುವವನಿದ್ದೆ. ಆಗ — ಹೊರಗೆ ಮೋಡ ಕವಿದು, ನಿನ್ನ ಹಿಂದಿನ ಕಿಟಕಿ ಗಾಜು ಕನ್ನಡಿಯಾಗಿತ್ತು. ಕೆಂಪು ರಾಣಿ, ಕೆಂಪು ನಾಲ್ಕು. ಏನಕ್ಕೂ ಬಾರದ ಎಲೆಗಳು.

ಯೋಚಿಸುವವನಂತೆ ಹಣೆ ಉಜ್ಜಿಕೊಂಡೆ. ಎಂಥ ನಾಟಕ! ಆಮೇಲೆ "ನಂದೂ ಎಲ್ಲಾ" ಎಂದೆ. ಎಲೆ ಬಿಚ್ಚಿದಾಗ ನನ್ನ ಒಂಬತ್ತರ ಜೋಡಿಯೇ ಗೆದ್ದಿತು.

"ಗುಂಡಿಗೆ ಅಂದ್ರೆ ಇದು ಗುರು!" ಮ್ಯಾನೇಜರ್ ನನ್ನ ಬೆನ್ನು ತಟ್ಟಿ ನಿನ್ನತ್ತ ತಿರುಗಿದ. "ಏನಮ್ಮಾ, ಕೈಲಿ ಏನೂ ಇಲ್ದೆ ಎಲ್ಲಾ ಇಟ್ಬಿಡೋದಾ?"

"ಒಂಬತ್ತರ ಜೋಡಿ ಇಟ್ಕೊಂಡು ಯಾರೂ ಎದುರಿಗೆ ಬರಲ್ಲ ಸಾರ್. ಅವನು ಬಿಡ್ಬೇಕಿತ್ತು" ಎಂದೆ ನೀನು. ಎಲ್ಲರೂ ನಕ್ಕರು. ನಾನೂ — ನಾನೂ ನಕ್ಕೆ.

ನೀನು ಹೇಳಿದ್ದೇ ಸರಿ. ಒಳ್ಳೆಯ ಎಲೆ ಬಂದಾಗ ಎಲ್ಲವನ್ನೂ ಇಡಲು ಯಾರಿಗಾದರೂ ಬರುತ್ತದೆ. ಎದುರಿನವನು ಬಿಟ್ಟುಕೊಡಲೇಬೇಕಾದ ಗಳಿಗೆ ಯಾವುದೆಂದು ತಿಳಿಯುವುದು ಆಟ. ನಿನಗೆ ತಿಳಿದಿತ್ತು.

ಹುದ್ದೆ ನನಗೆ ಬಂತು. ಮ್ಯಾನೇಜರ್‌ನಿಂದ "ನಿಂಗೆ ರಿಸ್ಕ್ ಅಂದಾಜಿಲ್ಲ" ಅನ್ನಿಸಿಕೊಂಡು ನೀನು ಕೆಲಸ ಬಿಟ್ಟೆ. ನಾನೋ, ಹೊಸದಾಗಿ ಸೇರಿದವರಿಗೆಲ್ಲ ಈ ಕತೆಯನ್ನು ಪಾಠವೆಂದು ಹೇಳುತ್ತ ಬಂದೆ, ನಾಚಿಕೆಯಿಲ್ಲದೆ! ಹೋದ ವಾರ ಒಬ್ಬ ಹುಡುಗಿ ಕೇಳಿದಳು: "ಅವ್ರ ಹತ್ರ ಏನೂ ಇಲ್ಲ ಅಂತ ನಿಮ್ಗೆ ಹೆಂಗ್ ಗೊತ್ತಾಯ್ತು ಸಾರ್?"

ಮರುದಿನ ಅವರನ್ನೆಲ್ಲ ಕೂರಿಸಿ ನಿಜ ಹೇಳಿದೆ. ಮ್ಯಾನೇಜರ್‌ಗೂ ಬರೆದೆ. "ಹಳೇದು, ಬಿಡು ಮಗಾ" ಎಂದು ಉತ್ತರ ಬಂತು. ಓದಿ ಮೈ ಉರಿಯಿತು. ಬಿಡು ಅನ್ನಲು ಅವನ್ಯಾರು?

ಕ್ಷಮೆ ಕೇಳುವುದಿಲ್ಲ, ಮಂಜುಳಾ. ನೀನು ಸರಿಯಾಗಿ ಆಡಿದ್ದೆ. ಅವರೆಲ್ಲ ನಗುತ್ತಿದ್ದಾಗಲೇ ನಾನಿದನ್ನು ಹೇಳಬೇಕಿತ್ತು.