ಡ್ಯಾಶ್‌ಬೋರ್ಡಿನ ಎಡ ತುದಿಯ ವಿಭೂತಿ

ಬೇಲೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕುಶನ್ ಅಂಗಡಿ ಇಟ್ಟಿರುವ ಏಕಾಂತಯ್ಯನ ಹತ್ತಿರ ಗಾಡಿ ಬಿಟ್ಟವರು ಕಾಯಲೇಬೇಕು. ಬಿಕ್ಕೋಡಿನ ಜೀಪಿನವರಾಗಲಿ, ಊರಿನ ಆಟೋದವರಾಗಲಿ, ಅವಸರ ಮಾಡಿದರೆ "ಆತುರಗಾರನಿಗೆ ಬುದ್ಧಿ ಮಟ್ಟ ಕಣ್ರೀ" ಎಂದು ಕತ್ತರಿಯನ್ನೇ ಕೆಳಗಿಟ್ಟುಬಿಡುತ್ತಾನೆ. ಹಳೆಯ ಕೊಳೆ ತೆಗೆಯದೆ ಮೇಲೆ ಹೊಸ ರೆಕ್ಸಿನ್ ಹೊದಿಸುವವರನ್ನು ಕಂಡರೆ ಅವನಿಗಾಗದು. "ಮೇಲೆ ಬಸಪ್ಪ, ಒಳಗೆ ವಿಷಪ್ಪ" ಎಂದು ಬೈಯುತ್ತಾನೆ. ಹೊಲಿಗೆ ಮಿಷನ್ನಿನ ಮುಂದೆ ಕೂತ ಹೆಂಡತಿ ಶಾಂತಾದೇವಿ, "ನಿಮ್ ಬಾಯಿಗೂ ಒಂದು ಕವರ್ ಹೊಲೀಬೇಕು" ಎಂದು ರೇಗಿಸುತ್ತಾಳೆ. ಅಯ್ಯನೋರ ಮನೆಯಲ್ಲಿ ಹುಟ್ಟಿದವನು. ಅಪ್ಪ ಮನೆಮನೆಗೆ ಪೂಜೆಗೆ ಹೋಗುತ್ತಿದ್ದ. ಇವನು ಸೂಜಿ ಹಿಡಿದ.

ಇಂಥವನು ಒಂದೇ ಒಂದು ಸಲ ಕಳ್ಳ ಕೆಲಸ ಮಾಡಿದ. ಅದೂ ಗೆಳೆಯನ ಕಾರಿನಲ್ಲಿ.

ಗೆಳೆಯ ಕಲ್ಲೇಶಪ್ಪ ತೆಂಗಿನಕಾಯಿ ವ್ಯಾಪಾರಿ. ಹಳೆಯ ಅಂಬಾಸಿಡರ್ ಕಾರಿನಲ್ಲಿ ಅರಸೀಕೆರೆಯ ಮಂಡಿಗೆ ಹೋಗಿ ಬರುವಾಗ ಅಂಗಡಿಯ ಮುಂದೆ ನಿಲ್ಲಿಸಿ, ಅರ್ಧ ಹೊಲಿದ ಸೀಟಿನ ಮೇಲೇ ಕೂತು ಹರಟುತ್ತಿದ್ದ. ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಕಾರು ಶೆಡ್ಡಿನಲ್ಲಿ ನಿಂತಿತು. ಹಳೇಬೀಡಿನ ಸ್ಕೂಲಿನಲ್ಲಿ ಟೀಚರ್ ಆಗಿರುವ ಮಗಳು ಸಿರಿ, ಇನ್ನು ಮೇಲೆ ತಾನೇ ಅದನ್ನು ಓಡಿಸುತ್ತೇನೆ ಎಂದಾಗ, ತಾಯಿ ಮಹದೇವಮ್ಮ ಕಾರನ್ನು ಏಕಾಂತಯ್ಯನ ಅಂಗಡಿಗೆ ತರಿಸಿದರು. ಬಿಸಿಲು ತಿಂದು ತಿಂದು ಡ್ಯಾಶ್‌ಬೋರ್ಡು ಉದ್ದಕ್ಕೂ ಬಿರಿದಿತ್ತು.

"ಎಲ್ಲಾ ಕೆರೆದು ಹೊಸದು ಮಾಡ್ಕೊಡಿ ಅಯ್ಯನೋರೇ. ಹಳೇದು ಒಂಚೂರೂ ಇರಬಾರದು" ಎಂದರು. ಗಂಡನನ್ನು ಮಣ್ಣು ಮಾಡಿದ ದಿನವೂ ಈಕೆ ಅಳಲಿಲ್ಲವೆಂದು ಊರು ಆಡಿಕೊಂಡಿತ್ತು. ಎಂಥಾ ಕಲ್ಲು ಮನಸ್ಸಪ್ಪಾ ಎಂದು ಏಕಾಂತಯ್ಯನಿಗೂ ಒಳಗೊಳಗೇ ಸಿಟ್ಟು ಬಂತು.

ಬಿರುಕಿಗೆ ಲಪ್ಪ ತುಂಬಿ, ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿ, ಅಂಟಿನ ಸಲ್ಯೂಷನ್ ಬಳಿದು ರೆಕ್ಸಿನ್ ಎಳೆದು ಕೂರಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಎಡ ಬಾಗಿಲಿನ ಹತ್ತಿರಕ್ಕೆ ಬಂದಾಗ ಬ್ಲೇಡು ಹಿಡಿದ ಕೈ ನಿಂತಿತು. ಅಲ್ಲಿ ಮೂರು ಬೆರಳಿನ ವಿಭೂತಿ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಒದ್ದೆ ಬೆರಳಿನಿಂದ ಎಳೆದೂ ಎಳೆದೂ ದಪ್ಪಗಟ್ಟಿ, ಬಿರುಕಿನೊಳಕ್ಕೂ ಇಳಿದಿತ್ತು. ಕಲ್ಲೇಶಪ್ಪನ ಬೆರಳು! ಅವನ ಮನೆಯವರಿಗೇ ಬೇಡವಾದರೆ ತಾನೂ ಕೈಬಿಡುವುದೇ? ವಿಭೂತಿಯನ್ನು, ಅದೂ ಸತ್ತ ಗೆಳೆಯನ ಕೈಯದ್ದನ್ನು, ಕೆರೆದು ಚರಂಡಿಗೆ ಬಿಡುವುದೇ? ಬೂದಿಯ ಮೇಲೆ ಸಲ್ಯೂಷನ್ ಹಿಡಿಯುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅದರ ಮೇಲೆಯೇ ರೆಕ್ಸಿನ್ ಎಳೆದುಬಿಟ್ಟ. ಅಂದು ಊಟ ರುಚಿಸಲಿಲ್ಲ.

ವಾರ ಕಳೆಯುವುದರೊಳಗೆ ಕಾರು ತಿರುಗಿ ಬಂತು. ಸಿರಿ ಓಡಿಸುತ್ತಿದ್ದಳು, ಪಕ್ಕದಲ್ಲಿ ಮಹದೇವಮ್ಮ. ಎಡ ತುದಿಯಲ್ಲಿ ರೆಕ್ಸಿನ್ ಗುಳ್ಳೆ ಎದ್ದು ಬಿಟ್ಟುಕೊಂಡಿತ್ತು.

"ಏನ್ ಅಯ್ಯನೋರೇ, ನಿಮ್ ಕೆಲ್ಸಾನೂ ಹಿಂಗಾಯ್ತಾ?" ಎಂದರು ಮಹದೇವಮ್ಮ.

ಏಕಾಂತಯ್ಯ ಮುಖ ಎತ್ತಲಾರದೆ ರೆಕ್ಸಿನ್ನಿನ ಅಂಚು ಬಿಡಿಸಿ ತೋರಿಸಿದ. "ತಪ್ಪು ನಂದೇ ಕಣಮ್ಮ. ಕಲ್ಲೇಶಪ್ಪನ ಬೆರಳಿನ ಗುರುತು ಇಲ್ಲೈತೆ. ಕೆರೆಯೋಕೆ ಕೈ ಬರ್ಲಿಲ್ಲ."

ಮಹದೇವಮ್ಮ ಬಗ್ಗಿ ನೋಡಿದರು.

"ಅವರ ಬೆರಳಲ್ಲ ಇವು" ಎಂದರು. "ಓಡಿಸೋರು ಈ ತುದಿಗ್ಯಾಕೆ ಕೈ ಚಾಚ್ತಾರೆ? ದಿನಾ ಬೆಳಗ್ಗೆ ಅವ್ರು ಹೊರಡೋವಾಗ ಕಿಟಕಿಯಿಂದ ಕೈ ಹಾಕಿ ನಾನೇ ಹಚ್ತಿದ್ದೆ. ರಸ್ತೇಲಿ ಏನೂ ಆಗ್ದೆ ಮನೆ ಸೇರ್ಕೊಳ್ಲಿ ಅಂತ."

ಗೆಳೆಯನ ನೆನಪೆಂದು ಏಕಾಂತಯ್ಯ ಬಚ್ಚಿಟ್ಟದ್ದು ಈ ಹೆಂಗಸಿನ ಪ್ರತಿದಿನದ ಹೆದರಿಕೆಯಾಗಿತ್ತು. ಕಲ್ಲು ಮನಸ್ಸು ಎಂದುಕೊಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು.

"ಸೇರ್ಕೊಂಡ್ರು ಅಯ್ಯನೋರೇ. ಒಂದಿನಾನೂ ತಪ್ಪಿಸ್ದಂಗೆ ಬಂದ್ರು. ರಸ್ತೆಗೆ ಹೆದರ್ಕೊಂಡು ಕಾರಿಗೆ ಹಚ್ತಾ ಬಂದೆ. ಅವ್ರು ನೋಡಿದ್ರೆ ಮನೇಲಿ, ನನ್ ಪಕ್ಕದಲ್ಲಿ ಮಲ್ಗಿದ್ದೋರು ಹಂಗೇ ಹೋದ್ರು."

ಒಳಗೆ ಶಾಂತಾದೇವಿಯ ಮಿಷನ್ ನಿಂತಿತು.

"ಕೊಡಿ ಆ ಬ್ಲೇಡು. ನಿಮ್ ಕೈಲಾಗಲ್ಲ" ಎಂದು ಮಹದೇವಮ್ಮ ಕೈ ಚಾಚಿದರು.

ತಾವೇ ಕೆರೆಯತೊಡಗಿದರು. "ಬಿಡಮ್ಮಾ, ನಾನು ಮಾಡ್ತೀನಿ" ಎಂದಳು ಸಿರಿ. ಅವರು ಕೇಳಿಸಿಕೊಳ್ಳಲಿಲ್ಲ. ಬಿಳಿಯ ಪುಡಿ ಮಡಿಲಿಗೆ ಉದುರುತ್ತಿತ್ತು. ಇಷ್ಟು ತಿಂಗಳು ಊರಿಗೆ ತೋರಿಸದ ಅಳು ಈಗ ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು, ಕೈ ಮಾತ್ರ ನಿಲ್ಲಿಸಲಿಲ್ಲ. ಏಕಾಂತಯ್ಯ ತಡೆಯಲಿಲ್ಲ. ಬಿರುಕಿನ ಸಂದಿಯಲ್ಲಿ ಉಳಿದದ್ದನ್ನೂ ಉಗುರಿನಿಂದ ತೆಗೆದು ಮುಗಿಸಿ, ಬ್ಲೇಡನ್ನು ಅವನ ಕೈಗೆ ಕೊಟ್ಟರು.

"ಇನ್ನು ಅಂಟಿಸಿ" ಎಂದರು. "ಈಗ ಹಿಡ್ಕೊಳ್ಳುತ್ತೆ."