ಹಳದಿ ಪುಸ್ತಕದ ಗೀಟುಗಳು

ಮಾರ್ಲಿಸ್ ಟಾಫ್ಟೆ ಕೆಲಸದಿಂದ ನಿವೃತ್ತಳಾದ ದಿನ ಕಂಪನಿಯವರು ಅವಳಿಗೊಂದು ಕಾರ್ಡ್ ಕೊಟ್ಟರು. ‘ಸದಾ ನಗುಮೊಗದ ನಮ್ಮ ಮಾರ್ಲಿಸ್‌ಗೆ’ ಎಂದು ಅದರ ಮೇಲೆ ಅಚ್ಚಾಗಿತ್ತು. ಹಸಿ ಸುಳ್ಳು. ಒಂಬತ್ತು ವರ್ಷ ಅವಳ ಪಕ್ಕದ ಕೋಣೆಯಲ್ಲಿ ಕೂತು ಕೆಲಸ ಮಾಡಿದವನು ನಾನು, ಕರ್ಟ್. ಆ ಹೆಂಗಸು ನಗುತ್ತಿದ್ದದ್ದು ಕುರ್ಚಿಯಲ್ಲಿ ಬಂದು ಕೂರುವ ಅಪರಿಚಿತರ ಮುಂದೆ ಮಾತ್ರ. ನಮ್ಮ ಪಾಲಿಗೆ ಸಿಕ್ಕಿದ್ದು ಬೈಗುಳ. ಅದರಲ್ಲಿ ಒಂದಾದರೂ ಸುಮ್ಮನೆ ಬಂದದ್ದಲ್ಲ.

ಕೊರೆಯುವ ಚಳಿಯ ಡುಲೂತ್ ಊರಿನ ನಮ್ಮ ಕಂಪನಿ ಮನೆಯ ಬಾಗಿಲ ಬೀಗ, ದೀಪ, ಒಲೆ, ಮನೆ ಬಿಸಿ ಮಾಡುವ ಯಂತ್ರ ಎಲ್ಲವನ್ನೂ ಇಂಟರ್‌ನೆಟ್ಟಿಗೆ ಕಟ್ಟಿ ಒಂದೇ ಫೋನಿನಿಂದ ನಡೆಸುವ ಸಾಫ್ಟ್‌ವೇರ್ ಮಾಡುತ್ತದೆ. ಹೊಸದೇನಾದರೂ ಮಾಡಿದಾಗ ಊರಿನ ಸಾಮಾನ್ಯ ಜನರನ್ನು ಕರೆಸಿ, ಕುರ್ಚಿಯಲ್ಲಿ ಕೂರಿಸಿ, ‘ಬಳಸಿ ನೋಡಿ’ ಎನ್ನುತ್ತೇವೆ. ಅವರ ಪಕ್ಕದಲ್ಲಿ ಕೂರುತ್ತಿದ್ದವಳು ಮಾರ್ಲಿಸ್. ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಹಿಂದೆ ನಾನು, ಮತ್ತು ಆ ವಸ್ತುವಿನ ರೂಪ ಬರೆದ ಹುಡುಗ ಹುಡುಗಿಯರು. ನೋಡಿದ್ದನ್ನು ಬರೆದುಕೊಂಡು ವರದಿ ಮಾಡುವುದು ನನ್ನ ಕೆಲಸ.

ಈ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಕುರ್ಚಿಯಲ್ಲಿ ಕೂತವರು ಎಷ್ಟೇ ಪರದಾಡಲಿ, ಪಕ್ಕದವರು ಸಹಾಯ ಮಾಡಕೂಡದು. ‘ಇದು ಹೇಗೆ?’ ಎಂದು ಕೇಳಿದರೆ ಮಾರ್ಲಿಸ್ ಹೇಳುತ್ತಿದ್ದದ್ದು ಒಂದೇ ಮಾತು.

“ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ. ಆಗ ಏನ್ ಮಾಡ್ತೀರಿ?”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಕೋಣೆಯಲ್ಲಿ ಅದರ ತದ್ವಿರುದ್ಧ. ನೆಲವೇ ಡೊಂಕಾಗಿರುತ್ತಿತ್ತು, ಬಂದವರು ಮಾತ್ರ ತಮಗೇ ಕುಣಿಯಲು ಬರುವುದಿಲ್ಲ ಎಂದು ತಲೆ ತಗ್ಗಿಸುತ್ತಿದ್ದರು. ಶಾಲೆಯ ಟೀಚರು, ಲಾರಿ ಓಡಿಸುವವನು, ನರ್ಸು, ಎಲ್ಲರೂ ಕೊನೆಗೆ ಹೇಳುತ್ತಿದ್ದದ್ದು ‘ಸಾರಿ’. ಪ್ರತಿಯೊಂದು ‘ಸಾರಿ’ಗೂ ಮಾರ್ಲಿಸ್ ತನ್ನ ಹಳದಿ ಪುಸ್ತಕದಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಿದ್ದಳು. ಅವರು ಎದ್ದು ಹೊರಡುವಾಗ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದಳು: “ತಪ್ಪು ನಿಮ್ಮದಲ್ಲ. ಇದರದ್ದು.”

ಈ ಗೀಟಿನ ಚಾಳಿ ಅವಳಿಗೆ ಹತ್ತಿದ್ದು ಇಲ್ಲಿಗೆ ಬರುವ ಮೊದಲು. ಹನ್ನೊಂದು ಚಳಿಗಾಲ ಅವಳು ಮನೆ ಬಿಸಿ ಮಾಡುವ ಯಂತ್ರಗಳ ಒಂದು ಕಂಪನಿಯಲ್ಲಿ ಫೋನ್ ಎತ್ತುವ ಕೆಲಸದಲ್ಲಿದ್ದಳು. ಹಿಬ್ಬಿಂಗ್ ಊರಿನಿಂದ ಒಬ್ಬ ಬಾಣಂತಿ ಫೋನ್ ಮಾಡಿದ್ದಳಂತೆ. ಮನೆಯ ನಲ್ಲಿಗಳು ಹೆಪ್ಪುಗಟ್ಟಿವೆ, ಕೂಸಿನ ಅಳು ಕೇಳಿಸುತ್ತಿದೆ, ಮಾತಾಡುವಾಗ ಹಲ್ಲು ಕಟಕಟ ಎನ್ನುತ್ತಿದೆ. ಹೊಸ ಯಂತ್ರದ ಪರದೆಯಲ್ಲಿ ತಾನೇ ಏನೋ ತಪ್ಪು ಒತ್ತಿದೆನೆಂದು ಆಕೆ ಹನ್ನೆರಡು ಸಲ ಕ್ಷಮೆ ಕೇಳಿದಳು, ಮಾರ್ಲಿಸ್ ಗೀಟೆಳೆದು ಎಣಿಸಿದಳು. ಆಮೇಲೆ ಗೊತ್ತಾಯಿತು, ತಪ್ಪು ಯಂತ್ರದ್ದು. ಅದನ್ನು ಹೇಳಲು ಮಾರ್ಲಿಸ್ ತಿರುಗಿ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಈ ಕಥೆಯನ್ನು ಅವಳು ನನಗೆ ಹೇಳಿದ್ದು ಒಮ್ಮೆ ಮಾತ್ರ, ಅದೂ ಗದರಿಸುತ್ತ.

ಕಳೆದ ಜನವರಿಯ ಜಗಳಕ್ಕೆ ಬರುತ್ತೇನೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ, ಅರ್ಧ ನನ್ನ ಮೇಲೆಯೇ.

ಗೋಡೆಗೆ ಹಾಕುವ ದುಂಡನೆಯ ಬಿಲ್ಲೆಯೊಂದು ನಮ್ಮಲ್ಲಿತ್ತು. ಮನೆಯ ಬಿಸಿಯನ್ನು ಹೆಚ್ಚು ಕಡಿಮೆ ಮಾಡುವುದು ಅದೇ. ಅದರ ಕೆಳಗೊಂದು ಹೆಬ್ಬೆರಳಗಲದ ಗುಂಡಿ. ಇಂಟರ್‌ನೆಟ್ ಸತ್ತರೂ, ಫೋನ್ ಸತ್ತರೂ, ಆ ಗುಂಡಿ ಒತ್ತಿದರೆ ಮನೆ ಬಿಸಿಯಾಗುತ್ತಿತ್ತು. ಅದನ್ನು ತೆಗೆಯಬೇಕು ಎಂದವನು ಗ್ರಾಂಟ್ ಹೋಲ್ಕಂಬ್. ಹೋದ ವರ್ಷ ಬಿಸಿಲ ನಾಡು ಆರಿಜೋನಾದಿಂದ ನಮ್ಮ ಮೇಲಧಿಕಾರಿಯಾಗಿ ಬಂದವನು, ಅಲ್ಲಿಯವರೆಗೆ ಹಿಮ ಕೆರೆಯುವ ಸಲಿಕೆ ಮುಟ್ಟಿದವನಲ್ಲ.

“ಚಂದದ ಗೋಡೆ ಮೇಲೆ ಗುಂಡಿ ಅಂದ್ರೆ ಮುಖದ ಮೇಲೆ ಮೊಡವೆ ಇದ್ದ ಹಾಗೆ” ಎಂದ ಸಭೆಯಲ್ಲಿ.

“ಮೊಡವೆ ಇದ್ದೋರಿಗೂ ಚಳಿ ಆಗುತ್ತೆ ಗ್ರಾಂಟ್” ಎಂದಳು ಮಾರ್ಲಿಸ್.

ಗುಂಡಿಯ ಬದಲು ಅವನು ಒಪ್ಪಿ ಸಹಿ ಹಾಕಿದ ಉಪಾಯ ಹೀಗಿತ್ತು. ಇಂಟರ್‌ನೆಟ್ ಇಲ್ಲದಾಗ ಬಿಲ್ಲೆಯ ಮೇಲೆ ಅಂಗೈಯಿಟ್ಟು ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಹಾಗೆಂದು ಬಿಲ್ಲೆಯ ಮೇಲೆ ಎಲ್ಲಿಯೂ ಬರೆದಿಲ್ಲ. ಡಬ್ಬಿಯೊಳಗಿನ ಪುಟ್ಟ ಪುಸ್ತಕದಲ್ಲಿದೆ, ಅದನ್ನು ಯಾರು ಓದುತ್ತಾರೆ? ಶುಕ್ರವಾರ ನಕ್ಷೆಯು ಅಚ್ಚು ಕೊರೆಯುವವರಿಗೆ ಹೋಗಬೇಕಿತ್ತು. ಉಕ್ಕಿನ ಅಚ್ಚು ಒಮ್ಮೆ ಕೊರೆದರೆ ಮುಗಿಯಿತು, ಮುಂದಿನ ಐದು ವರ್ಷ ಆ ಬಿಲ್ಲೆಗೆ ಗುಂಡಿಯಿಲ್ಲ.

ಅದೇ ವಾರದ ಸೋಮವಾರ, ಗುಂಡಿಯಿಲ್ಲದ ಹೊಸ ಬಿಲ್ಲೆಯನ್ನು ಗೋಡೆಗೆ ಹಾಕಿ ಒಂಬತ್ತು ಜನರನ್ನು ಕರೆಸಿದೆವು. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ಏಳನೆಯವರಾಗಿ ಬಂದರು ರೈನೋ ಲಾಹ್ತಿ. ಎಪ್ಪತ್ತೆಂಟು ವರ್ಷ, ಬಂದರಿನಲ್ಲಿ ಹಡಗಿಗೆ ಅದಿರು ತುಂಬಿಸುತ್ತಿದ್ದವರು. ಉಣ್ಣೆಯ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

“ಮನೇಲಿ ಇಂಟರ್‌ನೆಟ್ ಹೋಗಿದೆ ಅಂದ್ಕೊಳ್ಳಿ ರೈನೋ. ಚಳಿ ಆಗ್ತಿದೆ. ಬಿಸಿ ಮಾಡ್ಕೊಳ್ಳಿ ನೋಡೋಣ.”

ರೈನೋ ಎದ್ದು ಬಿಲ್ಲೆ ಮುಟ್ಟಿದರು. ಅದರ ಮೇಲೊಂದು ಬೆಳಕಿನ ಉಂಗುರ ಸುತ್ತತೊಡಗಿತು.

“ಸುತ್ತುತ್ತಾ ಇದೆ.”

“ಹೂಂ.”

“ಎಷ್ಟೊತ್ತು ಸುತ್ತುತ್ತೆ ಕಣಮ್ಮ?”

“ನಿಮಗೇನನ್ಸುತ್ತೆ?”

“ನನ್ ಹಾಗೇ ಇದಕ್ಕೂ ಸಾಕಾಗೋವರೆಗೆ ಅನ್ಸುತ್ತೆ.” ಸ್ವಲ್ಪ ಹೊತ್ತು ಕಾದರು. ಆಮೇಲೆ ಬಿಲ್ಲೆಯ ಕಡೆ ಬಗ್ಗಿ, “ಏ ಮಾರಾಯ, ಚೂರು ಬಿಸಿ ಕೊಡೋ” ಎಂದರು.

ಗಾಜಿನ ಈಚೆ ನಮ್ಮವರು ಘೊಳ್ಳೆಂದು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ರೈನೋ ಕೆಳಗೆ ತಡವಿದರು, ಪಕ್ಕಕ್ಕೆ ತಡವಿದರು. ಗುಂಡಿ ಹುಡುಕುತ್ತಿದ್ದರು. ಹದಿನಾಲ್ಕು ನಿಮಿಷವಾದ ಮೇಲೆ ಕೈ ಇಳಿಸಿದರು.

“ಸಾರಿ ಕಣಮ್ಮ. ಈ ಊರಿನ ಅರ್ಧ ಅದಿರು ನನ್ ಕೈ ದಾಟಿ ಹೋಗಿದೆ, ಇದೊಂದು ಬಿಲ್ಲೆ ಹತ್ರ ಸೋತೆ. ಪೆದ್ದ ಮುದುಕ. ನನ್ ಹೆಂಡ್ತಿಗೆ ಚಳಿ ತಡೆಯೋಕಾಗಲ್ಲ, ಶ್ವಾಸದ ತೊಂದರೆ. ಅವಳಿಗೆ ಮಾತ್ರ ಹೇಳ್ಬೇಡಿ ನನಗೆ ಇದು ಬರ್ಲಿಲ್ಲ ಅಂತ. ಹೆದರ್ಕೋತಾಳೆ.”

“ತಪ್ಪು ನಿಮ್ಮದಲ್ಲ ರೈನೋ. ಇದರದ್ದು.”

“ನೀವು ಒಳ್ಳೇವರು, ಹಾಗಂತೀರಿ” ಎಂದು ಟೋಪಿ ಹಾಕಿಕೊಂಡು ಹೊರಟರು. ನಂಬಲಿಲ್ಲ ಎಂಬುದು ಬೆನ್ನಲ್ಲೇ ಕಾಣುತ್ತಿತ್ತು.

ಮರುಕ್ಷಣ ಮಾರ್ಲಿಸ್ ತಳ್ಳಿದ ರಭಸಕ್ಕೆ ನಮ್ಮ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು.

“ಯಾರು ನಕ್ಕಿದ್ದು?”

ಹುಡುಗರು ಬಾಯಲ್ಲಿದ್ದದ್ದನ್ನು ಗಬಗಬ ಅಗಿದರು.

“ಗಾಜಿನಲ್ಲಿ ಕಾಣಲ್ಲ ಅಂದ್ರೆ ಕೇಳೋದೂ ಇಲ್ಲ ಅಂದ್ಕೊಂಡ್ರಾ? ಬಾಯಲ್ಲೇನು, ರುಬಾರ್ಬ್ ಕೇಕಾ? ಅದು ಬಂದೋರಿಗೆ ಅಂತ ನಾನು ಮಾಡ್ಕೊಂಡು ಬಂದಿದ್ದು. ಕೆಳಗಿಡ್ರಿ!”

ಒಬ್ಬ ಹುಡುಗ ಕಚ್ಚಿದ ತುಂಡನ್ನೂ ತಟ್ಟೆಗೆ ಹಾಕಿದ.

ಒಂಬತ್ತರಲ್ಲಿ ಐವರು ಸೋತಿದ್ದರು. ಒಟ್ಟು ಮೂವತ್ತೊಂದು ಗೀಟು. ಮಂಗಳವಾರ ಗ್ರಾಂಟ್ ನನ್ನ ವರದಿ ಹಿಡಿದುಕೊಂಡು ಬಂದ. “ಕರ್ಟ್, ಇದು ಸ್ವಲ್ಪ ಕಹಿಯಾಗಿದೆ. ಅವರಿಗೆ ಅಭ್ಯಾಸ ಇಲ್ಲ ಅಷ್ಟೆ, ಅಲ್ವಾ? ಚೂರು ಮೆತ್ತಗೆ ಮಾಡು” ಎಂದು ಬೆನ್ನು ತಟ್ಟಿದ. ನಾನು ತಿಪ್ಪೆ ಸಾರಿಸಿದೆ. ‘ಐವರು ಸೋತರು’ ಎಂದಿದ್ದದ್ದು ‘ಸ್ವಲ್ಪ ಪರಿಚಯವಾದರೆ ಎಲ್ಲರೂ ಹೊಂದಿಕೊಳ್ಳಬಲ್ಲರು’ ಎಂದಾಯಿತು. ಮೂವತ್ತೊಂದು ಕ್ಷಮೆಯ ಸಾಲು ಮಾಯವಾಯಿತು. ನನಗೆ ಯಾರೂ ಚಾಕು ತೋರಿಸಿರಲಿಲ್ಲ. ಬೆನ್ನು ತಟ್ಟಿದ್ದಕ್ಕೇ ನಾನು ಬಗ್ಗಿದೆ.

ಮಾರ್ಲಿಸ್ ಓದಿದಳು. ಕೂಗಾಡುತ್ತಾಳೆ ಎಂದು ಕಾದಿದ್ದೆ, ಕೂಗಲಿಲ್ಲ.

“ಆ ಮನುಷ್ಯ ನಿನ್ನೆದುರಿಗೆ ಹದಿನಾಲ್ಕು ನಿಮಿಷ ಒದ್ದಾಡಿದ್ರು ಕರ್ಟ್. ಅದನ್ನ ಅಳಿಸೋಕೆ ನಿನಗೆಷ್ಟು ಹೊತ್ತು ಬೇಕಾಯ್ತು?”

ಎರಡು ನಿಮಿಷ ಸಾಕಾಗಿತ್ತು.

ಹಳೆಯ ಮಾಲೀಕರ ಕಾಲದ ಒಂದು ನಿಯಮ ನಮ್ಮಲ್ಲಿದೆ. ಯಾವುದಕ್ಕೆ ಯಾರು ಕೊನೆಯ ಸಹಿ ಹಾಕುತ್ತಾರೋ ಅವರು ಒಮ್ಮೆ ಆ ಕುರ್ಚಿಯಲ್ಲಿ ಕೂರಬೇಕು. ಗ್ರಾಂಟ್ ಮೂರು ಸಲ ನುಣುಚಿಕೊಂಡಿದ್ದ. ಗುರುವಾರದ ಸಭೆಯಲ್ಲಿ, ಇಡೀ ಕಂಪನಿಯ ಎದುರು, ಮಾರ್ಲಿಸ್ ಎದ್ದು ನಿಂತಳು.

“ಐದೇ ನಿಮಿಷ ಗ್ರಾಂಟ್. ಅಥ್ವಾ ನಿಮಗೂ ಅಭ್ಯಾಸ ಇಲ್ವೋ?”

ನಗು ಎದ್ದಿತು. ಅವನೂ ನಗುತ್ತಲೇ ಎದ್ದ. ಆ ನಗುವನ್ನು ಕಾಪಾಡಿಕೊಳ್ಳಲಿಕ್ಕೇ ಎದ್ದ ಎನ್ನಬೇಕು.

ಗಾಜಿನ ಹಿಂದೆ ಹನ್ನೆರಡು ಜನ ಒತ್ತಿ ನಿಂತಿದ್ದೆವು. ಮಾರ್ಲಿಸ್ ನಮ್ಮೆದುರಿಗೇ ಇಂಟರ್‌ನೆಟ್ಟಿನ ತಂತಿ ಕಿತ್ತಳು. ರೈನೋಗೆ ಹೇಳಿದ ಮಾತನ್ನೇ, ಅದೇ ಮೃದು ದನಿಯಲ್ಲಿ, ಗ್ರಾಂಟ್‌ಗೂ ಹೇಳಿದಳು.

ಅವನು ಬಿಲ್ಲೆ ಮುಟ್ಟಿದ. ಉಂಗುರ ಸುತ್ತಿತು. ಜೇಬಿನಿಂದ ಫೋನ್ ತೆಗೆದ, ಬಿಲ್ಲೆ ಸಿಗುತ್ತಿಲ್ಲ ಎಂದಿತು ಫೋನು. ಬಲಕ್ಕೆ ಎಳೆದ, ಎಡಕ್ಕೆ ಎಳೆದ, ಎರಡು ಸಲ ತಟ್ಟಿದ. ನಂತರ ಏನೋ ನೆನಪಾದವನಂತೆ ಅಂಗೈಯಿಟ್ಟು ಒತ್ತಿದ. ನಾನು ಮನಸ್ಸಿನಲ್ಲೇ ಎಣಿಸಿದೆ. ಆರಕ್ಕೆ ಕೈ ತೆಗೆದುಬಿಟ್ಟ.

“ಇದೇ ಅಲ್ವಾ? ಒತ್ತಿ ಹಿಡಿಯೋದು... ಎಷ್ಟು ಹೊತ್ತು ಮಾರ್ಲಿಸ್?”

“ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ. ಆಗ ಏನ್ ಮಾಡ್ತೀರಿ?”

“ಅಲ್ಲ, ಆದ್ರೂ—”

“ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗಿದೆ. ಪಕ್ಕದಲ್ಲಿ ಯಾರೂ ಇಲ್ಲ. ಏನ್ ಮಾಡ್ತೀರಿ?”

ಹನ್ನೊಂದು ನಿಮಿಷ. ಕೊನೆಗೆ ಅವನ ಕುತ್ತಿಗೆ ಕೆಂಪಾಗಿತ್ತು. ನಮ್ಮ ಕಡೆ ಯಾರೂ ನಗಲಿಲ್ಲ. ಗಾಜಿನಲ್ಲಿ ತನ್ನದೇ ಮುಖ ನೋಡಿಕೊಂಡು, ಎಲ್ಲರೂ ಹೇಳುವುದನ್ನೇ ಅವನೂ ಹೇಳಿದ.

“ಸಾರಿ ಮಾರ್ಲಿಸ್. ನಾನೇ ಏನೋ ತಪ್ಪು ಮಾಡ್ತಿದೀನಿ.”

ಮಾರ್ಲಿಸ್ ಪೆನ್ಸಿಲ್ ಎತ್ತಲಿಲ್ಲ. ಹಳದಿ ಪುಸ್ತಕ ಮುಚ್ಚಿದಳು.

“ಹೌದು ಗ್ರಾಂಟ್. ತಪ್ಪು ನಿಮ್ಮದೇ.”

ಶುಕ್ರವಾರ ಹೋದ ನಕ್ಷೆಯಲ್ಲಿ ಗುಂಡಿ ಇತ್ತು. ವಸಂತದಲ್ಲಿ ವ್ಯಾಪಾರಿಗಳ ಸಭೆಯಲ್ಲಿ ಗ್ರಾಂಟ್ ಆ ಗುಂಡಿಗೆ ಹೆಬ್ಬೆರಳೊತ್ತಿ, ‘ಚಳಿಯ ನಾಡಿನ ಜನರ ಮಾತಿಗೆ ನಾನು ಕಿವಿಗೊಟ್ಟೆ’ ಎಂದು ಭಾಷಣ ಬಿಗಿದ. ಜನ ಚಪ್ಪಾಳೆ ತಟ್ಟಿದರು. ಮಾರ್ಲಿಸ್‌ಗೆ ಸಿಕ್ಕಿದ್ದು ನಗುಮೊಗದ ಕಾರ್ಡು. ಅದನ್ನವಳು ಕಸದ ಬುಟ್ಟಿಗೆ ಹಾಕಿ, ಕೋಟು ತೊಟ್ಟು ಹೊರಟಾಗ ನಾನು ಹಿಂದೆಯೇ ಓಡಿದೆ.

“ಮಾರ್ಲಿಸ್, ಆ ವರದಿ... ಸಾರಿ.”

“ನನಗ್ಯಾಕೆ ಹೇಳ್ತೀಯ? ನಿನ್ನಿಂದ ನನಗೇನೂ ಚಳಿ ಆಗ್ಲಿಲ್ಲ.” ಚೀಲದಿಂದ ಹಳದಿ ಪುಸ್ತಕ ತೆಗೆದು ನನ್ನ ಎದೆಗೆ ಒತ್ತಿದಳು. “ಏಳನೆಯವರ ನಂಬರ್ ಒಳಗಿದೆ. ಅವರಿಗೆ ಹೇಳು.”

ಮಧ್ಯಾಹ್ನವೇ ರೈನೋಗೆ ಫೋನ್ ಮಾಡಿದೆ. ನಾನು ಯಾರು ಎಂದು ಹೇಳಿದೆ. ಗುಂಡಿ ತೆಗೆದದ್ದು ನಮ್ಮ ತಪ್ಪು, ನೀವು ಸೋತಿದ್ದನ್ನು ವರದಿಯಿಂದ ಅಳಿಸಿದ್ದು ನನ್ನ ತಪ್ಪು, ಈಗ ಗುಂಡಿ ಮತ್ತೆ ಬಂದಿದೆ ಎಂದು ಒಂದೇ ಉಸಿರಿನಲ್ಲಿ ಒದರಿದೆ. 

“ಅಯ್ಯೋ” ಎಂದರು ರೈನೋ. “ನನ್ನೊಬ್ಬನಿಂದ ಪಾಪ ನಿಮಗೆಲ್ಲ ಎಷ್ಟು ಕೆಲಸ ಹೆಚ್ಚಾಯ್ತು. ಸಾರಿ ಕಣಪ್ಪ.”

ಫೋನ್ ಇಟ್ಟು ಪುಸ್ತಕ ತೆರೆದೆ. ರೈನೋ ಹೆಸರಿನ ಮುಂದಿದ್ದ ಗೀಟುಗಳ ಪಕ್ಕ ಇನ್ನೊಂದು ಗೀಟು ಎಳೆದೆ. ಒತ್ತಿ ಎಳೆದ ಭರಕ್ಕೆ ಕಾಗದ ಹರಿಯಿತು.