ಭಾವ ಹೆರೆದ ಬಾಗಿಲು

ನಮ್ಮ ಭಾವ ಐಸ್ ಫ್ಯಾಕ್ಟರಿಯಲ್ಲಿ ಬೋರ್‌ವೆಲ್ ಮೋಟರ್ ನೋಡಿಕೊಳ್ಳುವವರು. ಫ್ಯಾಕ್ಟರಿ ನೀರೆತ್ತಿದಷ್ಟೂ ಹಿಂದಿನ ಬೀದಿಯ ನೆಲ ಕುಸಿಯುತ್ತಿತ್ತು. ಅವರ ಮನೆಯೂ ಅಲ್ಲೇ. ಚೌಕಟ್ಟು ವಾಲಿ ಬಾಗಿಲು ಬಿಗಿಯಾದಾಗಲೆಲ್ಲ ಭಾವ ಉಜ್ಜುಗೊರಡು ಹಿಡಿದು ಅಂಚು ಹೆರೆಯುತ್ತಿದ್ದರು.

"ಅಲ್ಲಿ ಸ್ವಿಚ್ ಒತ್ತೋದು, ಇಲ್ಲಿ ಬಾಗಿಲು ಹೆರೆಯೋದು. ಕೊನೆಗೆ ಚಿಲಕ ಒಂದೇ ಉಳಿಯೋದು ನೋಡ್ತಿರಿ!" ಎಂದು ಅಕ್ಕ ಚುಚ್ಚುತ್ತಿದ್ದಳು.

ಒಂದು ದಿನ ಅಕ್ಕ ಒಳಗಿದ್ದಾಗಲೇ ಬಾಗಿಲು ಕಚ್ಚಿಕೊಂಡಿತು. ಅದನ್ನು ಒದ್ದು ತೆರೆದ ಭಾವ ನೇರ ಮಾಲೀಕರ ಹತ್ತಿರ ಹೋದರು.

"ಒಂದು ಮೋಟರ್ ನಿಲ್ಸಿ ಸಾರ್. ಚಾವಣಿಯ ಮಳೆನೀರನ್ನ ಆ ಬೋರಿಗೇ ಇಳಿಸೋಣ. ಇಲ್ಲಾಂದ್ರೆ ನನ್ನ ಕೈಲಿ ಸ್ವಿಚ್ ಒತ್ತಕ್ಕಾಗಲ್ಲ."

ಮಾಲೀಕರು ಗೊಣಗುತ್ತಲೇ ಒಪ್ಪಿದರು. ಕುಸಿದ ನೆಲ ಮೇಲೇಳಲಿಲ್ಲ, ಆದರೆ ಅಲ್ಲಿಂದೀಚೆಗೆ ಬಾಗಿಲು ಬಿಗಿಯಾಗಿಲ್ಲ. ಆದರೂ ಭಾವ ಎದ್ದ ಕೂಡಲೇ ಅದನ್ನು ತೆರೆದು ಮುಚ್ಚಿ ನೋಡುತ್ತಾರೆ. ಉಜ್ಜುಗೊರಡು ಇನ್ನೂ ಹೊಸ್ತಿಲ ಪಕ್ಕದಲ್ಲೇ ಇದೆ.